ಧ್ರುವದ ಹಿಮದ ಆಳದಲ್ಲಿ ಉಷ್ಣತೆ ಅಳೆದರೆ ಹಳೆಯ ಹವಾಮಾನ ಹೇಗೆ ತಿಳಿಯುತ್ತದೆ?

ಮಂಜುಗಡ್ಡೆ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವುದರಿಂದ, ಸಾವಿರಾರು ವರ್ಷಗಳ ಹಿಂದೆ ಮೇಲ್ಮೈಯಲ್ಲಿದ್ದ ಚಳಿ ಒಳಪದರಗಳಲ್ಲಿ ಇನ್ನೂ ಪೂರ್ತಿಯಾಗಿ ಅಳಿಸಿಹೋಗಿರುವುದಿಲ್ಲ. ಆ ಉಳಿಕೆಯನ್ನೇ ವಿಜ್ಞಾನಿಗಳು ಅಳೆಯುತ್ತಾರೆ.

ಗ್ರೀನ್‌ಲ್ಯಾಂಡಿನ ಹಿಮರಾಶಿಯ ನೆತ್ತಿಯಲ್ಲಿ 1992ರಲ್ಲಿ ಕೊರೆದು ಮುಗಿಸಿದ, ಸುಮಾರು 3,029 ಮೀಟರ್ ಆಳದ ಗ್ರಿಪ್ (ಯುರೋಪಿನ ಹಿಮ ಕೊರೆತದ ಯೋಜನೆ) ರಂಧ್ರ ಇದಕ್ಕೆ ಒಳ್ಳೆಯ ನಿದರ್ಶನ. ಸುತ್ತಲಿನ ಒತ್ತಡಕ್ಕೆ ರಂಧ್ರ ಮುಚ್ಚಿಹೋಗದಂತೆ ಹೆಪ್ಪುಗಟ್ಟದ ದ್ರವವನ್ನು ತುಂಬಿ, ಕೊರೆತದಿಂದ ಹುಟ್ಟಿದ ಶಾಖ ಆರುವವರೆಗೆ ಕಾದು, ಬಳಿಕ ಕೇಬಲ್ಲಿನ ತುದಿಗೆ ಕಟ್ಟಿದ ಥರ್ಮಿಸ್ಟರನ್ನು (ಉಷ್ಣತೆಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸಾಧನ) ಇಳಿಬಿಟ್ಟು, ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಉಷ್ಣತೆಯನ್ನು ದಾಖಲಿಸುತ್ತಾರೆ. ಅಲ್ಲಿ ಮೇಲ್ಭಾಗ ಸುಮಾರು ಮೈನಸ್ 32 ಡಿಗ್ರಿ ಸೆಲ್ಸಿಯಸ್ ಇದ್ದರೆ, ಭೂಮಿಯೊಳಗಿನ ಶಾಖ ತಾಗುವ ತಳ ಮೈನಸ್ 9ರ ಆಸುಪಾಸಿನಲ್ಲಿದೆ.

ಈ ಅಳತೆಗಳಿಗೆ ಹಿಮದ ಹರಿವಿನ ಗಣಿತವನ್ನು ಹೊಂದಿಸಿ, ಡೆನ್ಮಾರ್ಕಿನ ವಿಜ್ಞಾನಿ ಡೋರ್ಥೆ ದಾಲ್-ಜೆನ್ಸೆನ್ ಮತ್ತು ಸಂಗಡಿಗರು 1998ರಲ್ಲಿ, ಹಿಮಯುಗದ ಪರಾಕಾಷ್ಠೆಯಲ್ಲಿ ಅಲ್ಲಿನ ಉಷ್ಣತೆ ಇಂದಿಗಿಂತ ಸುಮಾರು 23 ಡಿಗ್ರಿ ಕಡಿಮೆಯಿತ್ತೆಂದು ತೋರಿಸಿದರು. ಹಿಮದಲ್ಲಿರುವ ಆಮ್ಲಜನಕದ ಐಸೊಟೋಪುಗಳನ್ನಷ್ಟೇ (ತೂಕದಲ್ಲಿ ಭಿನ್ನವಾದ ಅದರ ಪರಮಾಣುಗಳು) ನಂಬಿ ಮಾಡಿದ್ದ ಹಿಂದಿನ ಅಂದಾಜು ಸರಿಸುಮಾರು ಇದರ ಅರ್ಧದಷ್ಟಿತ್ತು. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಬೆಲೆ ಇರುವುದು ಈ ತಿದ್ದುಪಡಿಯಲ್ಲಿಯೇ. ಆದರೆ ಶಾಖ ಹರಡುತ್ತಾ ಹೋದಂತೆ ವಿವರಗಳು ಮಸುಕಾಗುವುದರಿಂದ, ದೂರದ ಕಾಲದ ಕಿರು ಏರಿಳಿತಗಳು ಇದರಲ್ಲಿ ಕಾಣಸಿಗುವುದಿಲ್ಲ.