ಸಿಟ್ಟಿನಲ್ಲಿ ಮಾಡಿದ ಪ್ರಾರ್ಥನೆ ಪಾಪವಾಗುತ್ತದೆಯೇ?

ಎರಡು ವರ್ಷಗಳಿಂದ ವಾರಕ್ಕೆರಡು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ನಿಮ್ಮ ಯಜಮಾನರಿಗಾಗಿ ಪ್ರಾರ್ಥಿಸಲು ಕುಳಿತರೆ ಈಗೀಗ ದೇವರ ಮೇಲೆ ಸಿಟ್ಟೇ ಬರುತ್ತದೆ, ಇದು ಪಾಪವೇ ಎಂದು ಕೇಳಿದ್ದೀರಿ. ‘ನಿಮ್ಮ ವಿಶ್ವಾಸ ಸಾಲದು’ ಎಂದು ಪ್ರಾರ್ಥನಾಕೂಟದವರೊಬ್ಬರು ಹೇಳಿದ್ದನ್ನೂ ಬರೆದಿದ್ದೀರಿ. ನಾನು ಸಭಾಪಾಲಕನಲ್ಲ. ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 19ನೇ ಶತಮಾನದಲ್ಲಿ ಬಂದು ನೆಲೆಯೂರಿದ ಗದಗ-ಬೆಟಗೇರಿಯಲ್ಲಿ ಹುಟ್ಟಿ ಬೆಳೆದ ಸಾಮಾನ್ಯ ವಿಶ್ವಾಸಿ. ನನ್ನ ತಿಳಿವಳಿಕೆಯ ಮಟ್ಟಿಗೆ ಅದು ಪಾಪವಲ್ಲ.

ಬೈಬಲಿನ ಕೀರ್ತನೆಗಳ ಗ್ರಂಥವನ್ನೇ ತೆಗೆದುಕೊಳ್ಳಿ. ಅಲ್ಲಿರುವ 150 ಕೀರ್ತನೆಗಳಲ್ಲಿ ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಭರವಸೆಯ ಹಾಡಾದ 23ನೆಯದನ್ನು. ಆದರೆ ಮೊರೆ, ದೂರು, ಅಳುವಿನ ಕೀರ್ತನೆಗಳೂ ಬಹಳಷ್ಟಿವೆ. 13ನೆಯ ಕೀರ್ತನೆಯ ಆರಂಭದಲ್ಲಿಯೇ ಭಕ್ತನು ‘ಇನ್ನೆಷ್ಟರವರೆಗೆ’ ಎಂದು ದೇವರನ್ನು ಮತ್ತೆ ಮತ್ತೆ ತಡೆದು ಕೇಳುತ್ತಾನೆ. ಅದಾದರೂ ಕೊನೆಗೆ ಸ್ತುತಿಯಲ್ಲಿ ಮುಗಿಯುತ್ತದೆ. 88ನೆಯದು ಹಾಗೆ ಮುಗಿಯುವುದಿಲ್ಲ, ಅದರ ಕೊನೆಯಲ್ಲಿ ಉಳಿಯುವುದು ಕತ್ತಲೆಯೇ. ಇಂಥದ್ದನ್ನು ಬರೆದವರು ಅವಿಶ್ವಾಸಿಗಳಾಗಿದ್ದರೆ ಅದು ಆರಾಧನೆಯ ಹಾಡುಗಳ ನಡುವೆ ಉಳಿಯುತ್ತಿರಲಿಲ್ಲ. ದೇವರು ಕೇಳುತ್ತಾನೆಂಬ ನಂಬಿಕೆ ಇದ್ದವರೇ ಅವನ ಮುಂದೆ ತಕರಾರು ಮಾಡುತ್ತಾರೆ.

ವಿಶ್ವಾಸ ಸಾಲದೆಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಅಸಹನೆಯೇ ಇದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ, ಆ ಸಂಕಟದ ಪಾತ್ರೆಯನ್ನು ತನ್ನಿಂದ ತೊಲಗಿಸೆಂದು ಬೇಡಿಕೊಂಡರೂ ಪಾತ್ರೆ ತೊಲಗಲಿಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಮುಳ್ಳಿಗಾಗಿ ಮೂರು ಸಲ ಬೇಡಿದಾಗ ಸಿಕ್ಕದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಇವರಿಬ್ಬರ ವಿಶ್ವಾಸವನ್ನು ಅಳೆಯಲು ಆ ಕೂಟದವರು ಮುಂದಾಗುವರೇ? ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಗೆಳೆಯರು ಮೊದಲ ಏಳು ದಿನ ಬಾಯಿ ತೆರೆಯದೆ ಅವನೊಡನೆ ನೆಲದ ಮೇಲೆ ಕುಳಿತಿದ್ದರು. ಅವರು ದಾರಿ ತಪ್ಪಿದ್ದು ಮಾತಾಡಲು ಶುರುಮಾಡಿದ ಮೇಲೆಯೇ.

ನಮ್ಮ ತಂದೆಗೆ ಲಕ್ವಾ ಹೊಡೆದು ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ನೋಡಲು ಬಂದವರೊಬ್ಬರು, ಈ ಮನೆಯಲ್ಲಿ ಅರಿಕೆ ಮಾಡದ ಪಾಪವೇನೋ ಉಳಿದಿದೆ ಎಂದು ಚಹಾ ಕುಡಿಯುತ್ತಲೇ ಹೇಳಿಹೋದರು. ಅಂದಿನಿಂದ ಅವ್ವ ದೊಡ್ಡ ದೊಡ್ಡ ಪ್ರಾರ್ಥನೆಗಳನ್ನು ನಿಲ್ಲಿಸಿಬಿಟ್ಟಳು. ಯಾಕವ್ವ ಎಂದು ಕೇಳಿದರೆ, ‘ಮನಸ್ಯಾಗ ಬೆಂಕಿ ಇಟ್ಕೊಂಡು ಸ್ತೋತ್ರ ಅಂತ ಹೆಂಗ ಹೇಳ್ಲಿ, ದೇವ್ರ ಮುಂದ ಸುಳ್ಳ ಹೇಳಿದಂಗ ಆಗ್ತೈತಿ’ ಎಂದಳು. ಬೆಳಿಗ್ಗೆ ತಂದೆಯ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಪೌಡರ್ ಹಚ್ಚುವಾಗ ‘ಸ್ವಾಮಿ, ನೋಡು’ ಎಂಬ ಎರಡೇ ಮಾತು ಆಡುತ್ತಿದ್ದಳು. ನಮಗೆ ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಇದೆಯಲ್ಲ, ಅದನ್ನು ನಾನು ಅರ್ಥಮಾಡಿಕೊಂಡದ್ದು ಆ ಕೋಣೆಯಲ್ಲಿ.

ತಂದೆಗೆ ಮಾತು ಹೋಗಿತ್ತು. ನೀರು ಬೇಕೆಂದು ಹೇಳಲೂ ಆಗುತ್ತಿರಲಿಲ್ಲ. ಆದರೆ ನಾವು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಯೇಸು ಕಲಿಸಿದ ಪ್ರಾರ್ಥನೆಯನ್ನು ಆರಂಭಿಸಿದರೆ ತೊದಲುತ್ತಾ ಅರ್ಧದವರೆಗೆ ಜೊತೆಗೂಡುತ್ತಿದ್ದರು. ಆದ್ದರಿಂದ ನಿಮಗೆ ಸ್ವಂತ ಮಾತು ಹುಟ್ಟದ ದಿನ ಬಾಯಿಪಾಠವಿರುವುದನ್ನೇ ಹೇಳಿ. ಅದು ಯಾಂತ್ರಿಕವೆಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನೊಂದು ವಿಷಯ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದ ಪ್ರಕಾರ ಅಸ್ವಸ್ಥನು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಅವನಿಗಾಗಿ ಪ್ರಾರ್ಥಿಸಬೇಕು. ಅಂದರೆ ಬೇಡುವ ಭಾರವೆಲ್ಲ ನಿಮ್ಮೊಬ್ಬರ ತಲೆಯ ಮೇಲೆ ಇಲ್ಲ. ನಿಮ್ಮ ಸಭಾಪಾಲಕ ಅಯ್ಯನವರಿಗೆ ಹೇಳಿಕಳುಹಿಸಿ. ಪ್ರಾರ್ಥನೆಯ ಹೆಸರಿನಲ್ಲಿ ಯಾರು ಏನೇ ಹೇಳಲಿ, ಡಯಾಲಿಸಿಸ್ ಮಾತ್ರ ಒಂದು ಸಲವೂ ತಪ್ಪಿಸಬೇಡಿ. ಅಲ್ಲಿ ಯಂತ್ರದ ಪಕ್ಕದಲ್ಲಿ ನಾಲ್ಕು ತಾಸು ಕುಳಿತಿರುತ್ತೀರಲ್ಲ, ಆಗ 13ನೆಯ ಕೀರ್ತನೆಯನ್ನು ಮೆಲ್ಲಗೆ ಓದಿ ಹೇಳಿ. ಆರೇ ವಚನಗಳಿವೆ. ಬಹುಶಃ ನಿಮ್ಮ ಯಜಮಾನರಿಗೂ ಅಷ್ಟೇ ಸಿಟ್ಟಿರಬಹುದು, ನಿಮ್ಮೆದುರು ತೋರಿಸಿಕೊಂಡಿರಲಿಕ್ಕಿಲ್ಲ.