ಕೋಡ್ ಕೇಳ್ರಿ: ಜಿಲ್ಲೆ ಆರಿಸಿದವರ ಆರ್ಡರ್ ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಸರ, ನಮ್ಮ ಕಡೆಯ ಬೀಜ-ಗೊಬ್ಬರದ ಅಂಗಡಿಯೊಂದಕ್ಕೆ ಪಿಎಚ್‌ಪಿಯಲ್ಲಿ ಆರ್ಡರ್ ಫಾರ್ಮ್ ಮಾಡಿದ್ದೇನೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳ ತಾಲೂಕುಗಳು ಒಂದೇ ಡ್ರಾಪ್‌ಡೌನ್‌ನಲ್ಲಿವೆ. ಜಿಲ್ಲೆಯ ಹೆಸರಿನ ಹಿಂದೆ ಮುಂದೆ ಗೆರೆ ಎಳೆದು ಅದನ್ನೂ ಒಂದು ಆಪ್ಷನ್ ಮಾಡಿದ್ದೆ. ಜನ ಅದನ್ನೇ ಆರಿಸಿಬಿಡುತ್ತಾರೆ. ಈಗ ಆಪ್ಟ್‌ಗ್ರೂಪ್ (ಆಪ್ಷನ್‌ಗಳನ್ನು ಒಂದು ಲೇಬಲ್ ಕೆಳಗೆ ಗುಂಪು ಮಾಡುವ ಎಚ್‌ಟಿಎಂಎಲ್ ಟ್ಯಾಗ್) ಹಾಕೋಣ ಅಂತಿದ್ದೇನೆ. ಒಂದೊಂದು ಆಪ್ಷನ್ ಬರೆಯಲು ‘ಆಯ್ಕೆ’ ಅನ್ನುವ ಕ್ಲಾಸ್ ಆಗಲೇ ಇದೆ. ‘ಗುಂಪು’ ಕ್ಲಾಸನ್ನು ಅದರಿಂದಲೇ ಎಕ್ಸ್‌ಟೆಂಡ್ ಮಾಡಲಾ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಬೇಡ. ಆಪ್ಟ್‌ಗ್ರೂಪ್ ಹಾಕಿ, ಎಕ್ಸ್‌ಟೆಂಡ್ ಮಾತ್ರ ಮಾಡಬೇಡಿ.

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ‘ಗದಗ ಕಡೆಗೆ’ ಅನ್ನುವ ಬೋರ್ಡ್ ಕೆಳಗೆ ನಿಂತ ಬಸ್ ಹತ್ತುತ್ತೇವೆ. ಬೋರ್ಡನ್ನೇ ಯಾರೂ ಹತ್ತಲ್ಲ. ಗುಂಪು ಅಂದರೆ ಆ ಬೋರ್ಡು. ಅದಕ್ಕೆ ಕಣ್ಣಿಗೆ ಕಾಣುವ ಲೇಬಲ್ ಇದೆ, ಸರ್ವರ್‌ಗೆ ಹೋಗುವ ವ್ಯಾಲ್ಯೂ ಇಲ್ಲ. ಅದನ್ನು ಆರಿಸೋಕೂ ಆಗಲ್ಲ. ಹಾಗಿದ್ದ ಮೇಲೆ ‘ಆಯ್ಕೆ’ಯಿಂದ ಎಕ್ಸ್‌ಟೆಂಡ್ ಮಾಡಿದರೆ ವ್ಯಾಲ್ಯೂ ಕೊಡುವ ಮೆಥಡ್ ಗುಂಪಿಗೂ ಸುಮ್ನೆ ಅಂಟಿಕೊಳ್ಳುತ್ತದೆ. ಅಲ್ಲಿ ಏನು ಬರೆಯುತ್ತೀರಿ? ಖಾಲಿ ಸ್ಟ್ರಿಂಗ್ ಕೊಡುತ್ತೀರಿ, ಇಲ್ಲಾಂದ್ರೆ ಎರರ್ ಎಸೆಯುತ್ತೀರಿ. ಎರಡೂ ಹಳೆಯ ಗೆರೆ ಎಳೆದ ಆಪ್ಷನ್ನಿನ ತಮ್ಮಂದಿರೇ.

ನಿಮ್ಮ ಊರಿನದೇ ಉದಾಹರಣೆ ನೋಡಿ. ಗದಗ ಜಿಲ್ಲೆಯೂ ಹೌದು, ತಾಲೂಕೂ ಹೌದು. ಧಾರವಾಡ, ಹಾವೇರಿಯೂ ಹಾಗೇ. ಟೇಬಲ್ಲಿನಲ್ಲಿ ‘ಗದಗ’ ಅಂತ ಬಂದು ಕೂತರೆ ಅದು ತಾಲೂಕಾ, ಯಾರೋ ಒತ್ತಿದ ಜಿಲ್ಲೆಯಾ, ಹೇಗೆ ಗೊತ್ತಾಗಬೇಕು? ನರಗುಂದದ ರೈತರ ಬೀಜದ ಚೀಲ ಗದಗದಲ್ಲಿ ಇಳಿದಿರುತ್ತದೆ. ಅದಕ್ಕೇ ವ್ಯಾಲ್ಯೂ ಜಾಗದಲ್ಲಿ ಹೆಸರು ಇಡಬೇಡಿ, ತಾಲೂಕಿನ ಐಡಿ ಇಡಿ. ಆಪ್ಷನ್ ಟ್ಯಾಗಿಗೆ ವ್ಯಾಲ್ಯೂ ಕೊಡದಿದ್ದರೆ ಬ್ರೌಸರ್ ಒಳಗಿನ ಪಠ್ಯವನ್ನೇ ಕಳಿಸುತ್ತದೆ. ಅದನ್ನು ನಂಬಿ ಕೂರಬೇಡಿ.

ಈಗ ಕ್ಲಾಸುಗಳಿಗೆ ಬರೋಣ. (ಕನ್ನಡದಲ್ಲೇ ಹೆಸರಿಟ್ಟಿದ್ದೀರಿ, ಖುಷಿಯಾಯಿತು. ಪಿಎಚ್‌ಪಿಗೆ ಅದರಿಂದ ತಕರಾರಿಲ್ಲ. ತಕರಾರು ತೆಗೆಯುವವರು ಮನುಷ್ಯರು ಮಾತ್ರ.) ಮೊದಲು ‘ಪಟ್ಟಿಯಂಶ’ ಅಂತ ಒಂದು ಇಂಟರ್‌ಫೇಸ್ (ಕ್ಲಾಸಿನಲ್ಲಿ ಯಾವ ಮೆಥಡ್ ಇರಲೇಬೇಕು ಅನ್ನುವ ಕರಾರು) ಬರೆಯಿರಿ. ಅದರಲ್ಲಿ ಒಂದೇ ಮೆಥಡ್ ಇರಲಿ: ‘ಬರೆ’. ಆರಿಸಿದ ವ್ಯಾಲ್ಯೂ ಯಾವುದು ಅಂತ ತೆಗೆದುಕೊಂಡು ಎಚ್‌ಟಿಎಂಎಲ್ ವಾಪಸ್ ಕೊಡುವುದಷ್ಟೇ ಅದರ ಕೆಲಸ. ‘ಆಯ್ಕೆ’ ಅದನ್ನು ಪಾಲಿಸುತ್ತದೆ. ‘ಗುಂಪು’ ಕೂಡ ಪಾಲಿಸುತ್ತದೆ, ತನ್ನ ಲೇಬಲ್ ಬರೆದು ಒಳಗಿರುವ ಒಂದೊಂದು ಆಯ್ಕೆಗೂ ‘ಬರೆ’ ಅನ್ನುತ್ತದೆ. ಹೊರಗಿನ ‘ಪಟ್ಟಿ’ ಕ್ಲಾಸಿಗೆ ತನ್ನ ಕೈಗೆ ಬಂದದ್ದು ಆಯ್ಕೆಯೋ ಗುಂಪೋ ಅನ್ನುವ ಚಿಂತೆ ಇಲ್ಲ. ಒಂದು ಲೂಪ್ ಸಾಕು. ಇಫ್ ಹಾಕಿ ಜಾತಿ ಕೇಳುವ ಕೆಲಸ ಇಲ್ಲ.

ಎಲ್ಲ ಗುಂಪೇ ಇವೆಯಲ್ಲ, ಒಂಟಿ ಆಯ್ಕೆ ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ಪಟ್ಟಿಯ ತುದಿಯಲ್ಲಿರುವ ‘ತಾಲೂಕು ಆರಿಸಿ’ ಅನ್ನುವ ಸಾಲು ಮರೆತಿರಾ? ಡ್ರಾಪ್‌ಡೌನ್ ಮಾಡುವ ಸೆಲೆಕ್ಟ್ ಟ್ಯಾಗಿಗೆ ರಿಕ್ವೈರ್ಡ್ (ಆರಿಸಲೇಬೇಕು ಅನ್ನುವ ಗುರುತು) ಹಾಕಿದಾಗ ಆ ಸಾಲು ಮೊದಲನೆಯದಾಗಿರಬೇಕು, ವ್ಯಾಲ್ಯೂ ಖಾಲಿ ಇರಬೇಕು, ಮತ್ತೆ ಯಾವ ಆಪ್ಟ್‌ಗ್ರೂಪಿನ ಒಳಗೂ ಇರದೆ ನೇರ ಸೆಲೆಕ್ಟ್ ಕೆಳಗೇ ಇರಬೇಕು. ಆಗಲೇ ಬ್ರೌಸರ್ ಅದನ್ನು ‘ಇನ್ನೂ ಆರಿಸಿಲ್ಲ’ ಅಂತ ತಿಳಿಯುತ್ತದೆ. ಹಾಗಾಗಿ ಪಟ್ಟಿಯಲ್ಲಿ ಒಂಟಿ ಆಯ್ಕೆ, ಗುಂಪು ಎರಡೂ ಅಕ್ಕಪಕ್ಕ ಕೂರಲೇಬೇಕು. ಆ ಇಂಟರ್‌ಫೇಸ್ ಬೇಕಾಗುವುದು ಇದಕ್ಕೇ.

ಸೆಲೆಕ್ಟೆಡ್ (ಈಗ ಆರಿಸಿರುವುದು ಇದೇ ಅನ್ನುವ ಗುರುತು) ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಅದನ್ನು ‘ಆಯ್ಕೆ’ಯ ಒಳಗೆ ಇಟ್ಟು ಬೀಗ ಹಾಕಬೇಡಿ. ನವಲಗುಂದ ನವಲಗುಂದವೇ. ಇವತ್ತು ಯಾರು ಅದನ್ನು ಆರಿಸಿದರು ಅನ್ನುವುದು ಆ ಫಾರ್ಮಿನ ಸಂಗತಿ. ‘ಬರೆ’ಗೆ ಹೊರಗಿನಿಂದ ಕೊಡಿ. ಹೋಲಿಸುವ ಮುಂಚೆ ಎರಡೂ ಕಡೆಯದನ್ನು ಸ್ಟ್ರಿಂಗ್ ಮಾಡಿಕೊಳ್ಳಿ. ಡೇಟಾಬೇಸ್ ನಿಮಗೆ 7 ಅನ್ನುವ ಸಂಖ್ಯೆ ಕೊಟ್ಟಿರಬಹುದು, ಫಾರ್ಮ್ ಯಾವಾಗಲೂ ‘7’ ಅನ್ನುವ ಸ್ಟ್ರಿಂಗ್ ಕಳಿಸುತ್ತದೆ. ಮೂರು ಸಮ ಚಿಹ್ನೆ ಹಾಕಿ ಹೋಲಿಸಿದರೆ ಎರಡೂ ಬೇರೆ. ಎರರ್ ಬರಲ್ಲ, ಲಾಗ್‌ನಲ್ಲೂ ಏನಿರಲ್ಲ. ಎಡಿಟ್ ಪೇಜ್ ತೆರೆದಾಗೆಲ್ಲ ಪಟ್ಟಿ ‘ತಾಲೂಕು ಆರಿಸಿ’ಯಲ್ಲೇ ನಿಂತಿರುತ್ತದೆ.

ಲೇಬಲ್ ಬರೆಯುವಾಗ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ವಿಶೇಷ ಚಿಹ್ನೆಗಳು ಟ್ಯಾಗ್ ಒಡೆಯದಂತೆ ಬದಲಿಸಿಕೊಡುವ ಪಿಎಚ್‌ಪಿ ಫಂಕ್ಷನ್) ಮರೆಯಬೇಡಿ. ಲೇಬಲ್ ಇರುವುದು ಉದ್ಧರಣ ಚಿಹ್ನೆಯ ಒಳಗೆ. ನಾಳೆ ಅಂಗಡಿಯವರು ಇದೇ ಕ್ಲಾಸನ್ನು ಬೀಜದ ತಳಿಗಳ ಪಟ್ಟಿಗೆ ಬಳಸಿ, ತಳಿಯ ಹೆಸರಿನಲ್ಲಿ ಒಂದು ಉದ್ಧರಣ ಚಿಹ್ನೆ ಸೇರಿಸಿದರೆ ಟ್ಯಾಗ್ ಅಲ್ಲೇ ಒಡೆಯುತ್ತದೆ.

ಗುಂಪಿಗೆ ಡಿಸೇಬಲ್ಡ್ (ಆರಿಸಲಾಗದಂತೆ ಮಾಡುವ ಗುರುತು) ಕೂಡ ಇದೆ. ಹಾವೇರಿ ಕಡೆ ಗಾಡಿ ಹೋಗದ ದಿನ ಆ ಗುಂಪಿಗೆ ಒಂದು ಕಡೆ ಹಾಕಿದರೆ ಸಾಕು, ಬ್ಯಾಡಗಿ, ಹಾನಗಲ್, ಸವಣೂರು ಎಲ್ಲ ಒಟ್ಟಿಗೆ ಮಂಕಾಗುತ್ತವೆ. ಆದರೆ ಇದು ಬ್ರೌಸರ್ ಪಾಲಿನ ಮರ್ಯಾದೆ ಮಾತ್ರ. ಸರ್ವರ್‌ನಲ್ಲಿ ಮತ್ತೆ ತಪಾಸಣೆ ಮಾಡಲೇಬೇಕು.

ಅಂದಹಾಗೆ, ಹಳೆಯ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದದ್ದು 1997ರಲ್ಲಿ. ಆಪ್ಟ್‌ಗ್ರೂಪ್ ತಂದ ಎಚ್‌ಟಿಎಂಎಲ್ 4.0 ಹೊರಬಂದದ್ದೂ ಅದೇ ವರ್ಷದ ಡಿಸೆಂಬರ್‌ನಲ್ಲಿ. ಮೂರು ಜಿಲ್ಲೆ ಆಗುವ ಹೊತ್ತಿಗೆ ಮೂರು ಗುಂಪು ಮಾಡುವ ಟ್ಯಾಗೂ ಬಂತು. ನೀವಿನ್ನೂ ಗೆರೆ ಎಳೆಯುತ್ತಿದ್ದೀರಲ್ರಿ!

ಪ್ರಶ್ನೆ: ಗುಂಪಿನೊಳಗೆ ಗುಂಪು ಇಡಬಹುದಾ ಸರ? ಜಿಲ್ಲೆಯೊಳಗೆ ತಾಲೂಕು, ತಾಲೂಕಿನೊಳಗೆ ಹೋಬಳಿ ತೋರಿಸಬೇಕಿತ್ತು.
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಆಪ್ಟ್‌ಗ್ರೂಪಿನೊಳಗೆ ಆಪ್ಟ್‌ಗ್ರೂಪ್ ಇಡಲು ಎಚ್‌ಟಿಎಂಎಲ್‌ನಲ್ಲಿ ಅವಕಾಶವಿಲ್ಲ. ಕಾಂಪೊಸಿಟ್ ಪ್ಯಾಟರ್ನ್ (ಬಿಡಿ ಅಂಶ, ಗುಂಪು ಎರಡನ್ನೂ ಒಂದೇ ಥರ ನಡೆಸುವ ವಿನ್ಯಾಸ) ಓದಿದವರಿಗೆ ಇಲ್ಲೇ ಕೈ ತುರಿಸುತ್ತದೆ, ಎಷ್ಟು ಆಳ ಬೇಕಾದರೂ ಹೋಗಬಹುದಲ್ಲ ಅಂತ. ಹೋಗಬೇಡಿ. ಗುಂಪಿಗೆ ಸೇರಿಸುವ ಮೆಥಡ್ ‘ಪಟ್ಟಿಯಂಶ’ವನ್ನು ತೆಗೆದುಕೊಳ್ಳದೆ ‘ಆಯ್ಕೆ’ಯನ್ನು ಮಾತ್ರ ತೆಗೆದುಕೊಳ್ಳಲಿ. ಆಗ ಗುಂಪಿನೊಳಗೆ ಗುಂಪು ತುರುಕಲು ಹೋದವರನ್ನು ಪಿಎಚ್‌ಪಿಯೇ ಟೈಪ್ ಎರರ್ ಕೊಟ್ಟು ಬಾಗಿಲಲ್ಲೇ ನಿಲ್ಲಿಸುತ್ತದೆ. ಹೋಬಳಿಗೆ ಎರಡನೇ ಡ್ರಾಪ್‌ಡೌನ್ ಕೊಡಿ. ತಾಲೂಕು ಆರಿಸಿದ ಮೇಲೆ ಅದು ತುಂಬಲಿ. ಫೋನಿನಲ್ಲಿ ಮೂರು ಜಿಲ್ಲೆಯ ಹೋಬಳಿಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಉರುಳಿಸುವ ತಾಳ್ಮೆ ಯಾರಿಗಿದೆ?

ಪ್ರಶ್ನೆ: ಆರಿಸಿದ ತಾಲೂಕು ಯಾವ ಗುಂಪಿನದು ಅಂತ ತಿಳಿಯುವುದು ಹೇಗೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸರ್ವರ್‌ಗೆ ಗುಂಪಿನ ಲೇಬಲ್ ಬರುವುದೇ ಇಲ್ಲಮ್ಮ, ಆಪ್ಷನ್ನಿನ ವ್ಯಾಲ್ಯೂ ಮಾತ್ರ ಬರುತ್ತದೆ. ಅಲ್ಲಿ ತಾಲೂಕಿನ ಐಡಿ ಹಿಡಿದು ಡೇಟಾಬೇಸಿನಲ್ಲೇ ಜಿಲ್ಲೆ ಹುಡುಕು. ಬ್ರೌಸರ್‌ನಲ್ಲೇ ಬೇಕಿದ್ದರೆ ಜಾವಾಸ್ಕ್ರಿಪ್ಟ್‌ನಲ್ಲಿ ಆರಿಸಿದ ಆಪ್ಷನ್ನಿನ ಪೇರೆಂಟ್‌ಎಲಿಮೆಂಟ್ (ಅದನ್ನು ಒಳಗಿಟ್ಟುಕೊಂಡ ಹೊರಗಿನ ಟ್ಯಾಗ್) ನೋಡು, ಅದೇ ಆಪ್ಟ್‌ಗ್ರೂಪ್. ಒಂಟಿ ಆಪ್ಷನ್ ಆಗಿದ್ದರೆ ಸೆಲೆಕ್ಟ್ ಸಿಗುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಸೆಲೆಕ್ಟೆಡ್‌ಇಂಡೆಕ್ಸ್ (ಆರಿಸಿದ್ದು ಎಷ್ಟನೆಯದು ಅನ್ನುವ ಸಂಖ್ಯೆ) ಲೆಕ್ಕದಲ್ಲಿ ಗುಂಪುಗಳನ್ನು ಎಣಿಸಬೇಡ, ಅದು ಆಪ್ಷನ್‌ಗಳನ್ನು ಮಾತ್ರ ಎಣಿಸುತ್ತದೆ. ಹೊಸ ಆಪ್ಷನ್ ಮಾಡಲು ‘ನ್ಯೂ ಆಪ್ಷನ್’ ನಡೆಯುತ್ತದೆ. ಗುಂಪಿಗೆ ಆ ಸೌಲಭ್ಯ ಇಲ್ಲ, ಕ್ರಿಯೇಟ್‌ಎಲಿಮೆಂಟ್ ಬಳಸಿ ಆಮೇಲೆ ಲೇಬಲ್ ಹಾಕು.