‘ಸ್ಟಾರ್ ವಾರ್ಸ್’ ಕಥೆಯ ಗಣರಾಜ್ಯ ಕುಸಿಯಲು ಶುರುವಾಗಿದ್ದು ಎಲ್ಲಿಂದ?

ಒಂದು ತೆರಿಗೆ ಜಗಳದಿಂದ. ದೂರದ ಗ್ರಹಗಳ ವ್ಯಾಪಾರ ಮಾರ್ಗಗಳಿಗೆ ತೆರಿಗೆ ಹಾಕುವ ವಿಷಯದಲ್ಲಿ ತಕರಾರು ಎದ್ದು, ಟ್ರೇಡ್ ಫೆಡರೇಷನ್ ಅನ್ನೋ ವ್ಯಾಪಾರಿ ಕೂಟ ನಬೂ ಎಂಬ ಪುಟ್ಟ ಗ್ರಹಕ್ಕೆ ದಿಗ್ಬಂಧನ ಹಾಕುತ್ತದೆ. ಆಮೇಲೆ ಸೈನ್ಯವನ್ನೇ ಇಳಿಸುತ್ತದೆ.

ಹೋದ ಭಾನುವಾರ ಜಯನಗರದ ಮನೆಯಲ್ಲಿ ಅಕ್ಕನ ಮಗನ ಜೊತೆ ಈ ಕಥೆ ಇರುವ 1999ರ ಸಿನಿಮಾ ‘ದಿ ಫ್ಯಾಂಟಮ್ ಮೆನೇಸ್’ ಮತ್ತೆ ನೋಡಿದೆ. ಸೆನೆಟ್, ಅಂದರೆ ಗಣರಾಜ್ಯದ ಸಂಸತ್ತಿನ ದೃಶ್ಯ ಬಂದಾಗ ಅವನು ಬೋರ್ ಅಂತ ಓಡಿಸಲು ಹೊರಟ. ನಾನು ಬಿಡಲಿಲ್ಲ. ಇಡೀ ಕಥೆಯ ಬೇರು ಇರೋದು ಅಲ್ಲೇ ಅಲ್ವಾ! ನಬೂ ರಾಣಿ ಅಮಿಡಾಲಾ ಸಹಾಯ ಕೇಳುತ್ತಾಳೆ. ದಾಳಿ ಮಾಡಿದವರೇ ಎದ್ದು, ಮೊದಲು ಸಮಿತಿ ಕಳಿಸಿ ನೋಡಿ ಅನ್ನುತ್ತಾರೆ. ಗಣರಾಜ್ಯದ ಮುಖ್ಯಸ್ಥ ಚಾನ್ಸಲರ್ ವಲೋರಮ್ ಕಿವಿಯಲ್ಲಿ ಅಧಿಕಾರಿಗಳು ಪಿಸುಗುಟ್ಟುತ್ತಾರೆ. ವಲೋರಮ್ ಪಾಪ, ಸಮಿತಿಗೇ ಒಪ್ಪಿಕೊಳ್ಳಲು ಹೊರಡುತ್ತಾರೆ. ಇತ್ತ ರಾಣಿಯ ಪಕ್ಕದಲ್ಲಿ ನಬೂ ಸೆನೆಟರ್ ಪಾಲ್ಪಟೀನ್ ಪಿಸುಗುಟ್ಟುತ್ತಾನೆ. ಅವಳು ವಲೋರಮ್ ವಿರುದ್ಧ ಅವಿಶ್ವಾಸ ನಿರ್ಣಯ ಮಂಡಿಸುತ್ತಾಳೆ. ನಬೂ ಮೇಲಿನ ಅನುಕಂಪದ ಅಲೆಯಲ್ಲಿ ಅವನೇ ಚಾನ್ಸಲರ್ ಆಗುತ್ತಾನೆ. ದಿಗ್ಬಂಧನದ ಹಿಂದೆ ಇದ್ದವನೂ ಅವನೇ.

ಹತ್ತು ವರ್ಷದ ನಂತರ ಯುದ್ಧದ ಭಯ ತೋರಿಸಿ ತುರ್ತು ಅಧಿಕಾರ ಪಡೆಯುತ್ತಾನೆ, ಅದೂ ಸೆನೆಟ್ ಒಪ್ಪಿಗೆಯಿಂದಲೇ. ಆ ಪ್ರಸ್ತಾಪ ಮಂಡಿಸಿದ್ದು ಯಾರು ಗೊತ್ತಾ? ಅಷ್ಟರಲ್ಲಿ ಸೆನೆಟರ್ ಆಗಿದ್ದ ಅಮಿಡಾಲಾ ಊರಲ್ಲಿಲ್ಲದಾಗ ಅವಳ ಜಾಗದಲ್ಲಿ ಕೂತಿದ್ದ ಅವಳ ಮುಗ್ಧ ಗೆಳೆಯ ಜಾರ್ ಜಾರ್.